ಕೈಯಲ್ಲಿ ಮಾಡಿದ ಶುಭಾಶಯ ಪತ್ರ

ಹಬ್ಬ, ಹುಟ್ಟುಹಬ್ಬ, ಮದುವೆ, ಹೊಸ ವರ್ಷ, ಕಾಯಿಲೆಯಿಂದ ಚೇತರಿಕೆ ಮುಂತಾದ ಸಂದರ್ಭಗಳಲ್ಲಿ ತಮಗೆ ಬೇಕಾದ ಒಬ್ಬರಿಗಾಗಿ ಕಾಗದ, ಕತ್ತರಿ, ಬಣ್ಣ, ಅಂಟು ಹಿಡಿದು ತಾವೇ ತಯಾರಿಸಿ ಕೊಡುವ ಹಾರೈಕೆಯ ಪತ್ರ. ನಡುವೆ ಮಡಿಸಿದ ದಪ್ಪ ಹಾಳೆ ಇದರ ಪರಿಚಿತ ರೂಪ. ಚಿತ್ರ ಬರೆದ ಅಂಚೆ ಕಾರ್ಡು, ಕತ್ತರಿಯಲ್ಲಿ ಬಿಡಿಸಿದ ಜಾಲರಿ, ಮಡಿಕೆಯ ಹಕ್ಕಿ, ಕಾಗದದ ಪಟ್ಟಿ ಸುತ್ತಿ ಮಾಡಿದ ಹೂವು, ಬಿಚ್ಚಿದೊಡನೆ ಎದ್ದು ನಿಲ್ಲುವ ಮನೆ ಇವೂ ಅದೇ ಬಳಗಕ್ಕೆ ಸೇರಿದವು.

ಅಂಗಡಿಗೆ ಅಚ್ಚಿನ ಕಾರ್ಡು ಬಂದಮೇಲೆ ಕೈಕೆಲಸ ಹಿಂದೆ ಬಿತ್ತು ಎಂಬ ಮಾತು ರೂಢಿಯಲ್ಲಿದೆ. ಇತಿಹಾಸವನ್ನು ಹತ್ತಿರದಿಂದ ನೋಡಿದರೆ ಕಾಣುವುದು ಬೇರೆ. ಮಾರಾಟಕ್ಕೆಂದು ಮಾಡಿದ ಮೊದಲ ಕಾರ್ಡುಗಳಿಗೆ ಬಣ್ಣ ತುಂಬಿದ್ದು ಕೈ, ಅವುಗಳ ತುಂಡುಗಳನ್ನು ಜೋಡಿಸಿದ್ದು ಕೈ. ಅಚ್ಚು ಅಗ್ಗವಾದಾಗಲೆಲ್ಲ ಜನ ಅದರ ಮೇಲೆ ತಮ್ಮ ಕೈಯ ಗುರುತು ಬಿಡುವ ಇನ್ನೊಂದು ದಾರಿ ಹುಡುಕಿಕೊಂಡಿದ್ದಾರೆ. ಮದುವೆಯ ಲಗ್ನಪತ್ರಿಕೆ ಎಷ್ಟೇ ದುಬಾರಿ ಮುದ್ರಣದ್ದಾಗಿರಲಿ, ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚದೆ ಅದನ್ನು ಹಂಚಲು ಕನ್ನಡದ ಮನೆಗಳಲ್ಲಿ ಹಿರಿಯರು ಒಪ್ಪುವುದಿಲ್ಲ. ಈ ವಿಷಯದ ತಿರುಳೆಲ್ಲ ಆ ಒಂದು ರೂಢಿಯಲ್ಲಿದೆ.

ಅಚ್ಚಿಗೂ ಮೊದಲು

ಭಾರತದಲ್ಲಿ ಕೈಯಲ್ಲಿ ಬರೆದು ಚಿತ್ರಿಸಿದ ಹಾರೈಕೆಯ ಪತ್ರಗಳಲ್ಲಿ ಜೈನರ ವಿಜ್ಞಪ್ತಿಪತ್ರಗಳಷ್ಟು ವೈಭವದವು ಬೇರೆ ಇಲ್ಲ. ಪರ್ಯುಷಣ ಪರ್ವದ ಕೊನೆಯಲ್ಲಿ ಶ್ವೇತಾಂಬರ ಸಂಘದವರು ವರ್ಷದ ತಪ್ಪುಗಳಿಗೆ ಕ್ಷಮೆ ಕೋರಿ, ಮುಂದಿನ ಚಾತುರ್ಮಾಸ್ಯವನ್ನು ತಮ್ಮೂರಿನಲ್ಲಿ ಕಳೆಯಬೇಕೆಂದು ಆಚಾರ್ಯರನ್ನು ಬೇಡಿ ಈ ಉದ್ದನೆಯ ಕಾಗದದ ಸುರುಳಿಗಳನ್ನು ಕಳಿಸುತ್ತಿದ್ದರು. ಮೊದಲಿಗೆ ಮಂಗಳದ ಚಿಹ್ನೆಗಳು, ಮಹಾವೀರನ ತಾಯಿ ತ್ರಿಶಲಾದೇವಿ ಕಂಡ ಕನಸುಗಳು. ಆಮೇಲೆ ಆಹ್ವಾನಿಸುತ್ತಿರುವ ಊರಿನ ಬೀದಿ, ಅಂಗಡಿ, ಬಸದಿ, ಅಲ್ಲಿನ ಜನ. ಕಡೆಯಲ್ಲಿ ಬಿನ್ನಹದ ಬರಹ. ನಮ್ಮೂರು ಹೀಗಿದೆ, ಬಂದು ನೋಡಿ ಎಂದು ಊರನ್ನೇ ಸುತ್ತಿ ಕಳಿಸುವ ಈ ಕ್ರಮದಲ್ಲಿ ಆಹ್ವಾನವೂ ಪ್ರೀತಿಯೂ ಒಂದಾಗಿವೆ. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1610ರಲ್ಲಿ ಆಗ್ರಾದ ಸಂಘ ಆಚಾರ್ಯ ವಿಜಯಸೇನಸೂರಿಗೆ ಕಳಿಸಿದ ಪತ್ರ. ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿ ಜಹಾಂಗೀರ್ ಹೊರಡಿಸಿದ ಫರ್ಮಾನಿನ ಸಂದರ್ಭವನ್ನು ಅದರಲ್ಲಿ ಚಿತ್ರಿಸಿದವನು ಶಾಲಿವಾಹನ ಎಂಬ ಚಿತ್ರಕಾರ.

ಯುರೋಪಿನಲ್ಲಿ ಪ್ರೇಮಿಗಳ ದಿನದ ಪತ್ರಗಳು ಹಳೆಯವು. ಮಾರ್ಜರಿ ಬ್ರೂಸ್ ಎಂಬ ತರುಣಿ ತಾನು ಮದುವೆಯಾಗಲಿದ್ದ ಜಾನ್ ಪಾಸ್ಟನ್‌ಗೆ 1477ರ ಫೆಬ್ರವರಿಯಲ್ಲಿ ಬರೆಸಿದ ಕಾಗದ ಇಂಗ್ಲಿಷಿನಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ವ್ಯಾಲೆಂಟೈನ್ ಪತ್ರವೆನಿಸಿದ್ದು, ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಚಿತ್ರವಿಲ್ಲ, ವರದಕ್ಷಿಣೆಯ ಹಣ ಹೆಚ್ಚಿಸಲು ತಂದೆ ಒಪ್ಪದ ಸಂಕಟವಿದೆ. ಅಲಂಕಾರ ಬೆರೆತದ್ದು ತಡವಾಗಿ. 18ನೇ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಚೌಕಾಕಾರದ ಕಾಗದವನ್ನು ಒಗಟಿನಂತೆ ಮಡಿಸಿ, ಒಂದೊಂದು ಪದರ ಬಿಚ್ಚಿದಂತೆ ಒಂದೊಂದು ಸಾಲು ಕಾಣುವ ಪತ್ರಗಳು ಬಳಕೆಯಲ್ಲಿದ್ದವು. ಪೆನ್ಸಿಲ್ವೇನಿಯಕ್ಕೆ ವಲಸೆ ಹೋದ ಜರ್ಮನರು ಕಾಗದವನ್ನು ಮಡಿಸಿ ಕತ್ತರಿಸಿ ಹೃದಯ, ಹಕ್ಕಿ, ಹೂಬಳ್ಳಿಗಳನ್ನು ಬಿಡಿಸುತ್ತಿದ್ದರು. ಕತ್ತರಿ ಮುಗಿಸಿದ ಮೇಲೆ ಉಳಿದ ಜಾಗದಲ್ಲಿ ಸುತ್ತಲೂ ಅಕ್ಷರ ತುಂಬುವುದು ಅವರ ರೀತಿ.

ಅಚ್ಚು ಬಂದಮೇಲೆ

ಶುಭಾಶಯ ಪತ್ರದ ಭಾಗ್ಯವನ್ನು ತಿರುಗಿಸಿದ್ದು ಅಂಚೆ. ಬ್ರಿಟನ್ನಿನಲ್ಲಿ 1840ರಲ್ಲಿ ರೋಲೆಂಡ್ ಹಿಲ್‌ನ ಯೋಜನೆಯಂತೆ ದೂರ ಎಷ್ಟೇ ಇರಲಿ ಒಂದು ಪೆನ್ನಿ ವೆಚ್ಚಕ್ಕೆ ಕಾಗದ ಹೋಗುವ ಏರ್ಪಾಟಾಯಿತು. ಅದರ ಜಾರಿಗಾಗಿ ದುಡಿದವರಲ್ಲಿ ಒಬ್ಬನಾದ ಹೆನ್ರಿ ಕೋಲ್, ಕ್ರಿಸ್‌ಮಸ್ ಹೊತ್ತಿಗೆ ಉತ್ತರ ಬರೆಯಬೇಕಾದ ಕಾಗದಗಳ ರಾಶಿಗೆ ಬೇಸತ್ತು 1843ರಲ್ಲಿ ಜಾನ್ ಕಾಲ್ಕಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಕಾರ್ಡು ಬರೆಸಿದ. ನಡುವೆ ಹಬ್ಬದೂಟಕ್ಕೆ ಕುಳಿತ ಕುಟುಂಬ, ಎರಡೂ ಬದಿಗೆ ಬಡವರಿಗೆ ಅನ್ನ ಮತ್ತು ಬಟ್ಟೆ ನೀಡುವ ದೃಶ್ಯ. ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ತಲಾ ಒಂದು ಶಿಲಿಂಗಿಗೆ ಮಾರಿದ. ಮಗುವಿನ ತುಟಿಗೆ ದ್ರಾಕ್ಷಾರಸದ ಬಟ್ಟಲು ಹಿಡಿದಿರುವುದನ್ನು ಕಂಡು ಪಾನವಿರೋಧಿಗಳು ಸಿಟ್ಟಾದ ಸಂಗತಿ ಎಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ಅದಕ್ಕಿಂತ ಗಮನಿಸಬೇಕಾದದ್ದು ಇದು: ಕಲ್ಲಚ್ಚಿನಲ್ಲಿ ಮೂಡಿದ್ದು ಗೆರೆಗಳು ಮಾತ್ರ. ಬಣ್ಣವನ್ನು ಒಂದೊಂದು ಕಾರ್ಡಿಗೂ ಕೈಯಿಂದಲೇ ತುಂಬಿದರು.

ಅಮೆರಿಕದಲ್ಲಿ ಇದೇ ಬೆರಕೆಯನ್ನು ಉದ್ಯಮವಾಗಿ ಬೆಳೆಸಿದವಳು ಮ್ಯಾಸಚೂಸೆಟ್ಸಿನ ವೂಸ್ಟರ್ ಊರಿನ ಎಸ್ತರ್ ಹೌಲೆಂಡ್. ಅವಳ ತಂದೆಯದು ಪುಸ್ತಕ ಮತ್ತು ಕಾಗದ ಸಾಮಗ್ರಿಯ ಅಂಗಡಿ. 1847ರಲ್ಲಿ ಮೌಂಟ್ ಹೋಲಿಯೋಕ್‌ನಲ್ಲಿ ಓದು ಮುಗಿಸಿ ಬಂದ ಹುಡುಗಿಯ ಕೈಗೆ ಇಂಗ್ಲೆಂಡಿನಿಂದ ಬಂದ ಸೊಗಸಾದ ಪ್ರೇಮಪತ್ರವೊಂದು ಬಿತ್ತು. ಇದಕ್ಕಿಂತ ಚೆನ್ನಾಗಿ ತಾನೇ ಮಾಡಬಲ್ಲೆನೆಂದು ಅವಳು ತಂದೆಯಿಂದ ಜಾಲರಿ ಕಾಗದ, ಬಣ್ಣದ ಹಾಳೆ, ಅಚ್ಚಾದ ಪುಟ್ಟ ಚಿತ್ರಗಳನ್ನು ತರಿಸಿಕೊಂಡು ಮಾದರಿಗಳನ್ನು ಸಿದ್ಧಪಡಿಸಿದಳು. ವ್ಯಾಪಾರಕ್ಕೆ ಹೊರಟ ಅಣ್ಣತಮ್ಮಂದಿರ ಪೆಟ್ಟಿಗೆಯಲ್ಲಿ ಅವು ಹೋದವು; ನಿರೀಕ್ಷೆಗೆ ಮೀರಿದ ಬೇಡಿಕೆ ತಿರುಗಿ ಬಂತು. ಗೆಳತಿಯರನ್ನು ಮನೆಯ ಮಹಡಿಯಲ್ಲಿ ಕೂರಿಸಿ, ಒಬ್ಬಳು ಕತ್ತರಿಸುವುದು, ಒಬ್ಬಳು ಹಿನ್ನೆಲೆ ಅಂಟಿಸುವುದು, ಮತ್ತೊಬ್ಬಳು ಹೂವು ಕೂಡಿಸುವುದು ಎಂದು ಕೆಲಸ ಹಂಚಿದಳು. ಬಿಳಿ ಜಾಲರಿಯ ಹಿಂದೆ ಬಣ್ಣದ ಚೂರು ಇಟ್ಟು ಜಾಲರಿಯ ಕುಸುರಿಯನ್ನು ಎದ್ದು ಕಾಣಿಸಿದ್ದು, ಕಾಗದದ ಪುಟ್ಟ ಸ್ಪ್ರಿಂಗಿನ ಮೇಲೆ ಪದರಗಳನ್ನು ಮೇಲೆತ್ತಿ ನಿಲ್ಲಿಸಿದ್ದು ಅವಳ ಕೈಚಳಕ. ಇಂದಿನ ಹವ್ಯಾಸಿಗಳು ಫೋಮ್ ಟೇಪಿನ ತುಂಡಿನಿಂದ ಮಾಡುವುದೂ ಅದನ್ನೇ. 1881ರಲ್ಲಿ ಕಾಯಿಲೆಯ ತಂದೆಯನ್ನು ನೋಡಿಕೊಳ್ಳಲೆಂದು ಅವಳು ಉದ್ಯಮವನ್ನು ಮಾರಿಬಿಟ್ಟಳು. ಹೆಂಗಸರಿಗೆ ಮನೆಯಾಚೆ ದುಡಿಮೆ ಕಷ್ಟವಿದ್ದ ಕಾಲದಲ್ಲಿ ಹೆಂಗಸರೇ ನಡೆಸಿದ ಈ ಕೆಲಸದ ಮನೆಗೆ ಕಾಗದದ ಕಲೆಯ ಚರಿತ್ರೆಯಲ್ಲಿ ಇನ್ನೂ ದೊಡ್ಡ ಜಾಗ ಸಲ್ಲಬೇಕು.

ಮುಂದೆ ಬಾಸ್ಟನ್ನಿನ ಲೂಯಿ ಪ್ರಾಂಗ್ 1870ರ ದಶಕದಲ್ಲಿ ಬಹುವರ್ಣದ ಕಲ್ಲಚ್ಚಿನ ಕಾರ್ಡುಗಳನ್ನು ಹೊರತಂದ. ಬಣ್ಣವನ್ನೂ ಯಂತ್ರವೇ ತುಂಬತೊಡಗಿತು. 20ನೇ ಶತಮಾನದಲ್ಲಿ ಕಾರ್ಡು ದೊಡ್ಡ ಕಂಪನಿಗಳ ಸರಕಾಯಿತು. ಅದಕ್ಕೆ ಎದುರಾಗಿ ನಿಂತವಳು ಅಮೆರಿಕದಲ್ಲಿ ತಾಯಂದಿರ ದಿನವನ್ನು ಆರಂಭಿಸಿದ ಆನಾ ಜಾರ್ವಿಸ್. 1914ರಲ್ಲಿ ಆ ದಿನಕ್ಕೆ ಸರಕಾರದ ಮನ್ನಣೆ ಸಿಕ್ಕಿತು. ಆದರೆ ಹೆತ್ತವಳಿಗೆ ಎರಡು ಸಾಲು ಸ್ವಂತವಾಗಿ ಬರೆಯದೆ ಅಚ್ಚಿನ ಕಾರ್ಡು ಕೊಂಡು ಕಳಿಸುವುದನ್ನು ಕಂಡು ನೊಂದ ಅವಳು ಉಳಿದ ಜೀವಮಾನವನ್ನೆಲ್ಲ ಆ ವ್ಯಾಪಾರದ ವಿರುದ್ಧ ಹೋರಾಡುತ್ತ ಕಳೆದಳು. ಇನ್ನೊಂದು ಬಗೆಯ ಉದಾಹರಣೆ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ನದು. ಎರಡನೇ ಮಹಾಯುದ್ಧದಲ್ಲಿ ಹಾಳಾಗಿದ್ದ ಚೆಕೊಸ್ಲೊವಾಕಿಯದ ಹಳ್ಳಿಯೊಂದರ ಏಳು ವರ್ಷದ ಹುಡುಗಿ ಯಿಟ್ಕಾ ಸಾಮ್‌ಕೋವಾ, ಆ ಸಂಸ್ಥೆಯಿಂದ ತಮಗೆ ದೊರೆತ ನೆರವಿಗೆ ಕೃತಜ್ಞತೆಯಾಗಿ ಚಿತ್ರ ಬರೆದಳು. ಕಾಗದ ಸಿಗದ್ದರಿಂದ ಗಾಜಿನ ಮೇಲೆ ಬರೆದಳು. 1949ರಲ್ಲಿ ಯುನಿಸೆಫ್‌ನ ಮೊದಲ ಶುಭಾಶಯ ಪತ್ರವಾದದ್ದು ಆ ಚಿತ್ರ.

ಕಾಗದದ ವಿದ್ಯೆಗಳು

ಕಾರ್ಡಿನ ಮೇಲೆ ಕೂರುವ ಕುಸುರಿಗಳಿಗೆ ಅವುಗಳದೇ ಹಿಂದಿನ ಕಥೆಯಿದೆ. ಕತ್ತರಿಕೆ ಎಲ್ಲಕ್ಕಿಂತ ವ್ಯಾಪಕ. ಚೀನಾದಲ್ಲಿ ಹೊಸ ವರ್ಷಕ್ಕೆ ಕೆಂಪು ಕಾಗದದಲ್ಲಿ ಮೀನು, ಹೂವು, ಮಕ್ಕಳ ಆಕೃತಿಗಳನ್ನು ಕತ್ತರಿಸಿ ಕಿಟಕಿಗೆ ಅಂಟಿಸುವ ಪದ್ಧತಿಯಿದ್ದು, ಆ ಕಲೆ 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಮಥುರಾ, ವೃಂದಾವನಗಳ ಸಾಂಝಿಯಲ್ಲಿ ಕೃಷ್ಣಲೀಲೆಯ ಪ್ರಸಂಗಗಳನ್ನು ಕಾಗದದಲ್ಲಿ ಸೂಕ್ಷ್ಮವಾಗಿ ಕೊರೆದು, ಅದರ ಮೂಲಕ ನೆಲದ ಮೇಲೆ ಬಣ್ಣದ ಪುಡಿ ಉದುರಿಸುತ್ತಾರೆ. ಆ ಕೊರೆದ ಹಾಳೆಯೇ ಈಗ ಚೌಕಟ್ಟಿಗೂ ಕಾರ್ಡಿಗೂ ಏರಿದೆ.

ಕತ್ತರಿಸಿ ಅಂಟಿಸುವ ಕೆಲಸ ಎಷ್ಟು ಎತ್ತರಕ್ಕೆ ಹೋಗಬಲ್ಲದೆಂಬುದಕ್ಕೆ ಇಂಗ್ಲೆಂಡಿನ ಮೇರಿ ಡಿಲೇನಿಯ (1700–1788) ಕೆಲಸ ಸಾಕ್ಷಿ. ಗಂಡನನ್ನು ಕಳೆದುಕೊಂಡು ಗೆಳತಿ ಪೋರ್ಟ್‌ಲೆಂಡಿನ ಡಚೆಸ್‌ಳ ಮನೆಯಲ್ಲಿ ದಿನ ಕಳೆಯುತ್ತಿದ್ದ ಆಕೆ, ತನ್ನ 72ನೇ ವಯಸ್ಸಿನಲ್ಲಿ ಕೆಂಪು ಕಾಗದದ ಚೂರಿಗೂ ಜೆರೇನಿಯಂ ಹೂವಿನ ಎಸಳಿಗೂ ಇದ್ದ ಹೋಲಿಕೆ ಕಂಡು ಎಸಳುಗಳನ್ನು ಕಾಗದದಲ್ಲಿ ಕತ್ತರಿಸತೊಡಗಿದಳು. ಕಪ್ಪು ಬಳಿದ ಹಾಳೆಯ ಮೇಲೆ ನೂರಾರು ಬಣ್ಣದ ಚೂರುಗಳನ್ನು ಕೂಡಿಸಿ ಒಂದು ಗಿಡವನ್ನು ಅದರ ಕೇಸರ, ನರ, ಮುಳ್ಳುಗಳ ಸಮೇತ ನಿಲ್ಲಿಸುತ್ತಿದ್ದಳು. ಹತ್ತು ವರ್ಷಗಳಲ್ಲಿ, ಕಣ್ಣು ಮಂಜಾಗುವ ಹೊತ್ತಿಗೆ, 1000ದ ಹತ್ತಿರ ಬಂದಿದ್ದ ಈ ಸಸ್ಯಚಿತ್ರಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವುಗಳ ಮುಂದೆ ಗಿಡಗಳನ್ನು ಬಲ್ಲವರೂ ಇದು ಕುಂಚದ ಕೆಲಸವೆಂದೇ ಮೊದಲು ಭಾವಿಸುತ್ತಾರೆ.

ಕ್ವಿಲ್ಲಿಂಗ್ ಅಥವಾ ಸುರುಳಿ ಕೆಲಸದಲ್ಲಿ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಅಗಲದ ಕಾಗದದ ಪಟ್ಟಿಗಳನ್ನು ಸೂಜಿಗೆ ಸುತ್ತಿ, ಸಡಿಲಿಸಿ, ಬೆರಳಲ್ಲಿ ಚಿವುಟಿ ಹನಿ, ಎಲೆ, ಕಣ್ಣಿನ ಆಕಾರ ಕೊಡುತ್ತಾರೆ. ಯುರೋಪಿನ ಕ್ರೈಸ್ತ ಮಠಗಳಲ್ಲಿ ಸನ್ಯಾಸಿನಿಯರು ಅಂಚಿಗೆ ಚಿನ್ನ ಬಳಿದ ಪಟ್ಟಿಗಳಿಂದ ಪವಿತ್ರ ಪೆಟ್ಟಿಗೆಗಳನ್ನು ಸಿಂಗರಿಸುತ್ತಿದ್ದರು. ದೂರದಿಂದ ಅದು ಚಿನ್ನದ ತಂತಿಯ ಕೆಲಸದಂತೆ ಕಾಣುತ್ತಿತ್ತು. ಎದ್ದು ನಿಲ್ಲುವ ಕಾರ್ಡುಗಳಲ್ಲಿ ಎರಡು ದಾರಿ. ಬೇರೆ ತುಂಡುಗಳನ್ನು ಮಡಿಕೆಗೆ ಅಂಟಿಸುವುದು ಒಂದು. ಒಂದೇ ಹಾಳೆಯನ್ನು ಅಂಟಿಲ್ಲದೆ ಕೊರೆದು ಮಡಿಸಿ ಮೆಟ್ಟಿಲು, ಕಮಾನು, ಗೋಪುರ ಮೂಡಿಸುವುದು ಇನ್ನೊಂದು. ಎರಡನೆಯದನ್ನು 1980ರ ದಶಕದಲ್ಲಿ ಜಪಾನಿನ ವಾಸ್ತುಶಿಲ್ಪಿ ಮಸಾಹಿರೊ ಚತಾನಿ ಬೆಳೆಸಿದ.

ಮಡಿಕೆಯ ಕಲೆಗೆ ಮಕ್ಕಳ ಶಿಕ್ಷಣದ ನಂಟಿದೆ. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ತನ್ನ ಶಿಶುವಿಹಾರದ ಪಾಠದಲ್ಲಿ ಕಾಗದ ಮಡಿಸುವುದು, ಹೆಣೆಯುವುದು, ಕತ್ತರಿಸುವುದನ್ನು ಸೇರಿಸಿದ್ದ. ಅದರಿಂದ ಪ್ರೇರಣೆ ಪಡೆದ ದಕ್ಷಿಣ ಭಾರತದ ಟಿ. ಸುಂದರರಾವ್ ಕಾಗದದ ಮಡಿಕೆಯಿಂದಲೇ ರೇಖಾಗಣಿತವನ್ನು ಕಲಿಸುವ ಪುಸ್ತಕವನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಮೆಚ್ಚಿ ಉಲ್ಲೇಖಿಸಿದ. 1901ರಲ್ಲಿ ಶಿಕಾಗೋದಿಂದ ಮರುಮುದ್ರಣವಾಯಿತು. ಕಾರ್ಡು ಮಾಡಲು ಕುಳಿತ ಮಗು ಕೋನವನ್ನು ಎರಡು ಸಮಭಾಗ ಮಾಡುವುದನ್ನು ಪುಸ್ತಕವಿಲ್ಲದೆ ಕಲಿಯುತ್ತದೆ ಎಂಬುದನ್ನು ನಮ್ಮ ಶಾಲೆಗಳು ಇನ್ನಷ್ಟು ಬಳಸಿಕೊಳ್ಳಬಹುದು.

ಜಪಾನ್

ಕೈ ಮತ್ತು ಅಚ್ಚು ಜೊತೆಯಾಗಿ ಬಾಳುವುದನ್ನು ನೋಡಲು ಜಪಾನಿಗೆ ಹೋಗಬೇಕು. ಅಲ್ಲಿ ಹೊಸ ವರ್ಷದ ಅಂಚೆ ಕಾರ್ಡು, ನೆಂಗಾಜೊ, ಸಂಬಂಧಗಳನ್ನು ವರ್ಷಕ್ಕೊಮ್ಮೆ ನವೀಕರಿಸುವ ಕರ್ತವ್ಯ. ಡಿಸೆಂಬರಿನಲ್ಲಿ ಗೊತ್ತಾದ ದಿನದೊಳಗೆ ಹಾಕಿದವುಗಳನ್ನು ಅಂಚೆಯವರು ಕೂಡಿಟ್ಟುಕೊಂಡು ಜನವರಿ 1ರಂದೇ ಮನೆಗೆ ಮುಟ್ಟಿಸುತ್ತಾರೆ. ಆ ವರ್ಷ ಸಾವು ಕಂಡ ಮನೆಯವರು ಮುಂಚೆಯೇ ತಿಳಿಸಿಬಿಡುತ್ತಾರೆ. ಅವರಿಗೆ ಯಾರೂ ಕಾರ್ಡು ಹಾಕುವುದಿಲ್ಲ. ಅಂಚೆ ಇಲಾಖೆ 1949ರಿಂದ ಕಾರ್ಡಿನ ಮೇಲೆ ಲಾಟರಿ ಸಂಖ್ಯೆಯನ್ನೂ ಮುದ್ರಿಸತೊಡಗಿತು. 2004ರ ಹೊಸ ವರ್ಷಕ್ಕೆ ಹೊರಬಂದ ಕಾರ್ಡುಗಳು 440 ಕೋಟಿಗೂ ಹೆಚ್ಚು. ಆಮೇಲೆ ಇಳಿಮುಖವೇ.

ಇಷ್ಟು ಕಾರ್ಡುಗಳಲ್ಲಿ ಕೈಗೆ ಎಲ್ಲಿ ಬಿಡುವು? ಆಲೂಗಡ್ಡೆ ಅಥವಾ ಗೆಣಸನ್ನು ಅರ್ಧ ಕೊಯ್ದು ವರ್ಷಚಕ್ರದಲ್ಲಿ ಆ ವರ್ಷಕ್ಕೆ ಮೀಸಲಾದ ಪ್ರಾಣಿಯ ಚಿತ್ರ ಕೆತ್ತಿ ಒತ್ತುವುದು ಅಲ್ಲಿನ ಮನೆಗಳ ಹಳೆಯ ಉಪಾಯ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಬೆಂಡೆಕಾಯಿ, ಆಲೂಗಡ್ಡೆಯ ಅಚ್ಚು ಒತ್ತಿಸುವ ಪಾಠದ ವಿಧಾನವೂ ಇದೇ. 1977ರಲ್ಲಿ ರೀಸೊ ಸಂಸ್ಥೆ ‘ಪ್ರಿಂಟ್ ಗೊಕ್ಕೊ’ ಎಂಬ ಪುಟ್ಟ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಮನೆಯವರು ಇಂಗಾಲದ ಶಾಯಿಯಲ್ಲಿ ಬರೆದ ಚಿತ್ರವನ್ನು ಬಲ್ಬಿನ ಮಿಂಚು ಪರದೆಯ ಮೇಲೆ ಮೂಡಿಸುತ್ತಿತ್ತು. ಪರದೆಗೆ ಬಣ್ಣ ಸವರಿ, ಮುಚ್ಚಳ ಒತ್ತಿ ಅಂಚೆ ಕಾರ್ಡುಗಳನ್ನು ಒಂದೊಂದಾಗಿ ತೆಗೆಯಬೇಕು. ಅಪ್ಪ ಒತ್ತುವುದು, ಮಕ್ಕಳು ಹಸಿ ಕಾರ್ಡುಗಳನ್ನು ನೆಲದ ಮೇಲೆ ಹರವುವುದು ಡಿಸೆಂಬರಿನ ಮನೆಗೆಲಸವಾಯಿತು. ಕಂಪ್ಯೂಟರ್ ಪ್ರಿಂಟರು ಬಂದಮೇಲೆ ಅದರ ಬೇಡಿಕೆ ಕುಸಿದು 2008ರಲ್ಲಿ ಯಂತ್ರದ ತಯಾರಿಕೆ ನಿಂತಿತು. ಕುಂಚವನ್ನು ಮೇಲಿನ ತುದಿಯಲ್ಲಿ ಹಿಡಿದು, ಕೈ ನಡುಗಿದರೂ ತಿದ್ದದೆ, ಒಂದು ಹಣ್ಣನ್ನೋ ತರಕಾರಿಯನ್ನೋ ಬರೆದು ಪಕ್ಕದಲ್ಲಿ ಒಂದು ಮಾತು ಸೇರಿಸುವ ‘ಎತೆಗಾಮಿ’ ಚಿತ್ರಪತ್ರ ಮಾತ್ರ ಇಂದಿಗೂ ಹಿರಿಯರ ಮೆಚ್ಚಿನ ಹವ್ಯಾಸ. ಅಂದಗೆಟ್ಟರೂ ಸರಿ, ಅದೇ ಚೆಂದ ಎಂಬುದು ಅವರ ನಂಬಿಕೆ.

ರೋಗಿಗೆ ಸಾವಿರ ಕೊಕ್ಕರೆ ಮಡಿಸಿ ಮಾಲೆ ಕಟ್ಟಿ ಕೊಡುವ ಸೆಂಬಜುರು ಜಗತ್ತಿಗೆಲ್ಲ ತಿಳಿದದ್ದು ಹಿರೋಶಿಮಾದ ಸದಾಕೊ ಸಸಾಕಿಯಿಂದ. ಅಣುಬಾಂಬು ಬಿದ್ದಾಗ ಎರಡು ವರ್ಷದವಳಾಗಿದ್ದ ಅವಳಿಗೆ ಆಮೇಲೆ ರಕ್ತದ ಕ್ಯಾನ್ಸರ್ ಬಂತು. ಆಸ್ಪತ್ರೆಯಲ್ಲಿ ಔಷಧಿ ಸುತ್ತಿದ ಕಾಗದವನ್ನೂ ಬಿಡದೆ ಕೊಕ್ಕರೆ ಮಡಿಸುತ್ತಿದ್ದ ಹುಡುಗಿ 1955ರ ಅಕ್ಟೋಬರಿನಲ್ಲಿ ತೀರಿಕೊಂಡಳು. ಸಹಪಾಠಿಗಳ ಪ್ರಯತ್ನದಿಂದ 1958ರಲ್ಲಿ ನಿಂತ ಮಕ್ಕಳ ಶಾಂತಿ ಸ್ಮಾರಕಕ್ಕೆ ಇಂದಿಗೂ ಹಲವು ದೇಶಗಳಿಂದ ಕೊಕ್ಕರೆ ಮಾಲೆಗಳು ಬರುತ್ತಿವೆ.

ಭಾರತ, ಕರ್ನಾಟಕ

ಭಾರತದಲ್ಲಿ ಅಂಚೆ ಕಾರ್ಡು ಕಾಲು ಆಣೆ ಬೆಲೆಗೆ ಬಂದದ್ದು 1879ರಲ್ಲಿ. ಅದನ್ನು ಚಿತ್ರದ ಹಾಳೆಯಾಗಿ ಬಳಸಿದವರಲ್ಲಿ ಮೊದಲಿಗೆ ನೆನೆಯಬೇಕಾದವರು ಶಾಂತಿನಿಕೇತನದ ನಂದಲಾಲ್ ಬೋಸ್. ಶಿಷ್ಯರಿಗೆ, ಸ್ನೇಹಿತರಿಗೆ ಅವರು ಹಾಕುತ್ತಿದ್ದ ಕಾರ್ಡುಗಳಲ್ಲಿ ಗಿಡ, ಮೇಕೆ, ದಾರಿಹೋಕರು ಕೆಲವೇ ಗೆರೆಗಳಲ್ಲಿ ಮೂಡಿರುತ್ತಿದ್ದರು. ಕೈಕಾಗದಕ್ಕೆ ಮರುಜೀವ ಕೊಟ್ಟ ಶ್ರೇಯಸ್ಸು ಗಾಂಧೀಜಿಯ ಪ್ರೇರಣೆಯಿಂದ 1934ರಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘಕ್ಕೂ ಅದನ್ನು ನಡೆಸಿದ ಜೆ. ಸಿ. ಕುಮಾರಪ್ಪನವರಿಗೂ ಸಲ್ಲಬೇಕು. ಜೈಪುರದ ಬಳಿಯ ಸಾಂಗಾನೇರ್, ಪುದುಚೇರಿಯ ಅರವಿಂದಾಶ್ರಮದ ಕಾರ್ಖಾನೆಗಳಿಂದ ಹೂವಿನ ಎಸಳು ಬೆರೆತ ಹಾಳೆಗಳು ಈಗಲೂ ಬರುತ್ತವೆ.

ಕನ್ನಡ ನಾಡಿನಲ್ಲಿ ಅಂಗೈಯಗಲದ ರಟ್ಟಿನ ಮೇಲೆ ಚಿತ್ರ ತುಂಬುವ ಜಾಣ್ಮೆ ಮೈಸೂರಿನ ಗಂಜೀಫಾದಲ್ಲಿ ಬೆಳೆದಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಈ ಎಲೆಗಳ ವಿವರವಿದೆ. ಅವು ಆಟದ ಎಲೆಗಳು. ಶುಭಾಶಯವನ್ನು ಹೊತ್ತದ್ದು ಬೇರೆ ಕಾಗದ. ಸಂಕ್ರಾಂತಿಗೆ ಎಳ್ಳುಬೆಲ್ಲ ತಲುಪಿಸಲಾಗದಷ್ಟು ದೂರದಲ್ಲಿದ್ದ ನೆಂಟರಿಗೆ ಕಬ್ಬು, ಎತ್ತು, ಎಳ್ಳುಬೆಲ್ಲದ ತಟ್ಟೆಯ ಚಿತ್ರವಿದ್ದ ಕಾರ್ಡುಗಳು ಹೋಗುತ್ತಿದ್ದವು. ಮೊಬೈಲು ಬರುವವರೆಗೆ ಜನವರಿಯ ಮೊದಲೆರಡು ವಾರ ಅಂಚೆಯಣ್ಣನ ಚೀಲ ತುಂಬುತ್ತಿದ್ದದ್ದು ಇವುಗಳಿಂದ. ಲಕೋಟೆಗೆ ಅಂಟು ಹಾಕದೆ, ಮೂಲೆಯಲ್ಲಿ ‘ಬುಕ್ ಪೋಸ್ಟ್’ ಎಂದು ಬರೆದರೆ ಅಂಚೆ ವೆಚ್ಚ ಕಡಿಮೆಯಾಗುತ್ತಿತ್ತು. ಅಂಗಡಿಯ ಕಾರ್ಡಿಗೆ ದುಡ್ಡಿಲ್ಲದ ಮಕ್ಕಳು ಡ್ರಾಯಿಂಗ್ ಹಾಳೆಯನ್ನು ನಡುವೆ ಮಡಿಸಿ, ಸ್ಕೆಚ್ ಪೆನ್ನಿನಲ್ಲಿ ಸೂರ್ಯನನ್ನೂ ತೆಂಗಿನ ಮರವನ್ನೂ ಬರೆದು, ಒಳಗೆ ಎಳ್ಳುಬೆಲ್ಲದ ಮಾತು ಬರೆಯುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ದಸರೆಯ ಬನ್ನಿಗೂ ಇಂಥ ಕಾರ್ಡುಗಳುಂಟು. 1962ರಿಂದ ಸೆಪ್ಟೆಂಬರ್ 5 ಶಿಕ್ಷಕರ ದಿನವಾದದ್ದು ಶಾಲಾಮಕ್ಕಳಿಗೆ ಇನ್ನೊಂದು ನೆಪ ಕೊಟ್ಟಿತು.

ಕಾಗದದ ಪ್ರೀತಿ ಕಾರ್ಡಿಗೆ ನಿಲ್ಲುವುದಿಲ್ಲ. ದೀಪಾವಳಿಗೆ ಕರಾವಳಿಯ ಮನೆಗಳಲ್ಲಿ ಬಿದಿರ ಕಡ್ಡಿ ಸೀಳಿ ಕಟ್ಟಿ, ಬಣ್ಣದ ಕಾಗದ ಅಂಟಿಸಿ ಗೂಡುದೀಪ ಮಾಡುತ್ತಾರೆ. ಮಂಗಳೂರು, ಉಡುಪಿಗಳಲ್ಲಿ ಇದರ ಸ್ಪರ್ಧೆಗಳು ನಡೆಯುತ್ತವೆ. ಬಯಲುಸೀಮೆಯಲ್ಲಿ ಇದೇ ಆಕಾಶಬುಟ್ಟಿ.

1979ರಲ್ಲಿ ದೆಹಲಿಯಲ್ಲಿ ಆರಂಭವಾದ ಆರ್ಚೀಸ್‌ನಂಥ ಕಂಪನಿಗಳು ಊರೂರಿಗೆ ಕಾರ್ಡಿನ ಅಂಗಡಿ ತಂದವು. ಅಲ್ಲಿ ಸಿಗುವುದು ಬಹುಪಾಲು ಇಂಗ್ಲಿಷ್. ಸೋದರತ್ತೆಗೆ, ದೊಡ್ಡಮ್ಮನಿಗೆ, ಭಾವನಿಗೆ, ಎದುರು ಮನೆಯ ಅಜ್ಜನಿಗೆ ಎಂದು ಸಿದ್ಧ ಕಾರ್ಡು ಹುಡುಕಿದರೆ ಸಿಗದು. ಕನ್ನಡದ ನೆಂಟಸ್ತಿಕೆ ಅಷ್ಟು ಹರಡಿಕೊಂಡಿದೆ; ವ್ಯಾಪಾರ ಅಷ್ಟು ದೂರ ಬರುವುದಿಲ್ಲ. ಹೊರನಾಡಿನಲ್ಲಿ ಬೆಳೆಯುತ್ತಿರುವ ಮೊಮ್ಮಗು ಊರಿನ ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಅಕ್ಷರ ಕಳಿಸಬೇಕಾದರೆ ಕೈಯಲ್ಲೇ ಮಾಡಬೇಕು. ಕೈಕೆಲಸದ ಕಾರ್ಡು ಇಲ್ಲಿ ಹವ್ಯಾಸಕ್ಕಿಂತ ಅಗತ್ಯವಾಗಿ ಉಳಿದಿರುವುದು ಈ ಕಾರಣಕ್ಕೆ.

ಮಾಡುವ ಬಗೆ

ಮನೆಯ ಪ್ರಿಂಟರಿನ ಹಾಳೆ ಚದರ ಮೀಟರಿಗೆ 70ರಿಂದ 80 ಗ್ರಾಂ ತೂಗುತ್ತದೆ; ಕಾರ್ಡು ನೆಟ್ಟಗೆ ನಿಲ್ಲಲು 200ರಿಂದ 300 ಗ್ರಾಮಿನದು ಬೇಕು. ಎ5 ಹಾಳೆಯನ್ನು ನಡುವೆ ಮಡಿಸಿದರೆ 105×148 ಮಿಲಿಮೀಟರಿನ ಎ6 ಕಾರ್ಡು. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ, ಸಲೀಸಾಗಿ ಬಾಗುವ ದಿಕ್ಕಿಗೆ ಮಡಿಸಿದರೆ ಮಡಿಕೆ ಬಿರಿಯುವುದಿಲ್ಲ. ಮಡಿಸುವ ಮುನ್ನ ಶಾಯಿ ಮುಗಿದ ಬಾಲ್ ಪೆನ್ನಿನಿಂದ ಸ್ಕೇಲು ಹಿಡಿದು ಗೆರೆ ಒತ್ತಬೇಕು. ಹೊಸಬರ ಕಾರ್ಡು ಒರಟಾಗಿ ಕಾಣುವುದಕ್ಕೆ ಹೆಚ್ಚಿನ ಸಲ ಈ ಒಂದು ಹೆಜ್ಜೆ ಬಿಟ್ಟದ್ದೇ ಕಾರಣ.

ಅಂಟಿನಲ್ಲಿ ನೀರು ಜಾಸ್ತಿಯಾದರೆ ಕಾಗದ ಸುಕ್ಕಾಗುತ್ತದೆ. ಫೆವಿಕಾಲನ್ನು ತೆಳ್ಳಗೆ ಅಂಚಿಗೆ ಮಾತ್ರ ಸವರುವುದು ಮೇಲು. ಮೈದಾ ಗಂಜಿ ಅಗ್ಗ, ಹಿಡಿತವೂ ಚೆನ್ನ. ಆದರೆ ಹುಳುವಿಗೆ ಅದು ಊಟ. ಹಳೆಯ ರಟ್ಟು ಕಟ್ಟುವವರು ಗಂಜಿಗೆ ಮೈಲುತುತ್ತ ಬೆರೆಸುತ್ತಿದ್ದದ್ದು ಅದಕ್ಕೇ. ಅದು ವಿಷ, ಮಕ್ಕಳ ಕೈಗೆ ಕೊಡಬಾರದು. ಹಳೆಯ ಕಾಗದವನ್ನು ಚೂರು ಮಾಡಿ ರಾತ್ರಿಯಿಡೀ ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಅಗಲವಾದ ನೀರಿನ ತೊಟ್ಟಿಗೆ ಬೆರೆಸಿ, ಜಾಲರಿ ಹೊಡೆದ ಚೌಕಟ್ಟಿನಲ್ಲಿ ಮೇಲೆತ್ತಿ, ಬಟ್ಟೆಯ ಮೇಲೆ ಮಗುಚಿ ಒಣಗಿಸಿದರೆ ಮನೆಯಲ್ಲೇ ಕಾಗದ ಸಿದ್ಧ. ಈರುಳ್ಳಿ ಸಿಪ್ಪೆ, ಚೆಂಡುಹೂವಿನ ಎಸಳು ಸೇರಿಸಬಹುದು. ಅದರ ಮೇಲೆ ಶಾಯಿ ಹರಡದಿರಲು ತೆಳುವಾದ ಗಂಜಿಯನ್ನು ಒಂದು ಪದರ ಬಳಿಯಬೇಕು.

ಮಣಿ, ಗುಂಡಿ, ಕನ್ನಡಿ ಚೂರು ಅಂಟಿಸಿದ ಕಾರ್ಡು ಅಂಚೆಯ ಮುದ್ರೆ ಒತ್ತುವಾಗ ಲಕೋಟೆಯನ್ನು ಹರಿಯಬಹುದು, ತೂಕವೂ ಏರುತ್ತದೆ. ಅಂಥವನ್ನು ಕೈಯಲ್ಲೇ ಮುಟ್ಟಿಸುವುದು ಒಳ್ಳೆಯದು, ಇಲ್ಲವೇ ರಟ್ಟಿನ ತುಂಡಿನ ಜೊತೆ ದಪ್ಪ ಲಕೋಟೆಯಲ್ಲಿ ಕಳಿಸಬೇಕು.

ಕಾಪಾಡುವುದು

ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ಲಾರಾ ಸೆಡನ್ ಸಂಗ್ರಹದಲ್ಲಿ ವಿಕ್ಟೋರಿಯಾ ಮತ್ತು ಎಡ್ವರ್ಡರ ಕಾಲದ ಸಾವಿರಾರು ಶುಭಾಶಯ ಪತ್ರಗಳಿವೆ. ಇಂಥ ಸಂಗ್ರಹಗಳಲ್ಲಿ ಹೆಚ್ಚಿನವು ಅಚ್ಚಿನವೇ. ಒಬ್ಬರಿಗೆಂದು ಒಂದೇ ಆಗಿ ಹುಟ್ಟಿದ ಕಾರ್ಡು ಮನೆಯ ಟ್ರಂಕಿನಲ್ಲೋ ಅಲ್ಮೇರದ ಕಾಗದದಡಿಯಲ್ಲೋ ಉಳಿಯುತ್ತದೆ, ಮನೆ ಬದಲಿಸುವಾಗ ಕಳೆದುಹೋಗುತ್ತದೆ. ಅದನ್ನು ಉಳಿಸುವುದು ಕಷ್ಟವಲ್ಲ. ನ್ಯೂಸ್‌ಪ್ರಿಂಟಿನಲ್ಲಿ ಸುತ್ತಬಾರದು, ಅದರ ಆಮ್ಲ ಪಕ್ಕದ ಕಾಗದವನ್ನೂ ಹಳದಿ ಮಾಡುತ್ತದೆ. ಲ್ಯಾಮಿನೇಷನ್ ಮಾಡಿಸಬಾರದು, ಒಮ್ಮೆ ಬಿಸಿಯಿಂದ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಬೇಗ ಮಾಸುವುದರಿಂದ ಗೋಡೆಗಿಂತ ಪೆಟ್ಟಿಗೆ ಲೇಸು. ಹಿಂಬದಿಯಲ್ಲಿ ಮಾಡಿದವರ ಹೆಸರು, ವಯಸ್ಸು, ಇಸವಿ, ಯಾರಿಗೆ ಎಂಬುದನ್ನು ಮೆತ್ತನೆಯ ಪೆನ್ಸಿಲಿನಲ್ಲಿ ಬರೆದಿಡಬೇಕು. ಪೆನ್ನಿನ ಶಾಯಿ ಮುಂಬದಿಗೆ ಇಳಿಯುತ್ತದೆ.